‘ಬರೀ ಗಾಬರಿ’ ಅನ್ನುವ ಮುನ್ನ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಯಾವ ಟೀ ಅಂಗಡಿಯಲ್ಲಿ ಕೂತರೂ ಒಂದೇ ಮಾತು: ನಿನ್ನೆ ಯಾವ ಊರು, ಯಾರು, ಎಷ್ಟು ವಯಸ್ಸು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಟಿವಿಯಿಂದ ಮೊಬೈಲಿಗೆ, ಮೊಬೈಲಿನಿಂದ ಜಗಲಿಗೆ ಹರಿದಿತ್ತು. ಎದೆಯಲ್ಲಿ ಚುಳ್ ಎಂದರೆ ಸಾಕು, ಜನ ಬಸ್ಸು ಹತ್ತುತ್ತಿದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು ಬೆಳೆಯುತ್ತಿತ್ತು. ಕೊನೆಗೆ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ ಎಂದು ತಿಳಿಯಿತು. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿದೆ ಎನ್ನಲು ಆಧಾರವಿಲ್ಲ ಎಂದು ವರದಿ ಬಂತು.

ವರದಿ ಸಾವಿನ ಲೆಕ್ಕ ಕೊಟ್ಟಿತು. ಸಾಲಿನಲ್ಲಿ ನಿಂತಿದ್ದವರ ಭಯ ಅಳೆಯುವುದು ಅದರ ಕೆಲಸವಾಗಿರಲಿಲ್ಲ. ಆ ಕೆಲಸ ಬೇರೆಯವರದು, ಮುಖ್ಯವಾಗಿ ನರ್ಸ್‌ಗಳದು. ಜಾವಗಲ್‌ನಂಥ ಹೋಬಳಿ ಊರಿನಿಂದ ಹೊರಟ ರೋಗಿಗೆ ತಾಲ್ಲೂಕು ಆಸ್ಪತ್ರೆ ಇರುವುದು ಅರಸೀಕೆರೆಯಲ್ಲಿ, ಜಿಲ್ಲಾಸ್ಪತ್ರೆ ಹಾಸನದಲ್ಲಿ. ಎಲ್ಲಿಗೆ ಹೋದರೂ ಮೊದಲು ಮೈಮುಟ್ಟಿ ನಾಡಿ ನೋಡುವವರು, ರಾತ್ರಿಯಿಡೀ ಪಕ್ಕದಲ್ಲಿರುವವರು ನರ್ಸ್‌ಗಳೇ. ಜ್ವರಕ್ಕೆ, ಬಿ.ಪಿ.ಗೆ ಚಾರ್ಟ್ ಇದೆ. ಭಯದ ವಿಷಯಕ್ಕೆ ಬಂದರೆ ರೋಗಿಯ ಕಡೆಯವರಲ್ಲೂ ಆಸ್ಪತ್ರೆಯವರಲ್ಲೂ ಎಷ್ಟೋ ಸಲ ಬರೀ ಅಂದಾಜು. ಆ ಅಂದಾಜುಗಳಲ್ಲಿ ಕೆಲವು ಪೂರ್ತಿ ತಪ್ಪು, ಒಂದೆರಡು ಜೀವಕ್ಕೇ ಅಪಾಯ.

“ಇಸಿಜಿ ನಾರ್ಮಲ್ ಇದೆ, ಬರೀ ಟೆನ್ಷನ್ನು”

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ವೈದ್ಯಲೋಕ ಒಪ್ಪಿದ ನಿಯಮ. ಆದರೆ ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯಾಘಾತ ಇಲ್ಲವೆಂದು ತೀರ್ಮಾನಿಸಲಾಗದು. ನೋವು ಮುಂದುವರಿದರೆ ಮತ್ತೆ ತೆಗೆಯಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೊನಿನ್ ಅಂಶವನ್ನು ಕೆಲವು ಗಂಟೆ ಬಿಟ್ಟು ಎರಡನೇ ಸಲ ನೋಡಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ಹೊಟ್ಟೆ ಸಂಕಟ, ಉಬ್ಬಸವಾಗಿ ಹೃದಯಾಘಾತ ಕಾಣಿಸಿಕೊಳ್ಳುವುದುಂಟು. “ಒಂಥರಾ ಆಯ್ತದೆ ಸಿಸ್ಟರ್” ಎಂದ ಮಧ್ಯವಯಸ್ಸಿನ ಹೆಣ್ಣುಮಗಳನ್ನು ಗಾಬರಿಯ ಲೆಕ್ಕಕ್ಕೆ ಹಾಕಿ ಮನೆಗೆ ಕಳಿಸುವುದು ಬಹಳ ಸುಲಭ, ಅಷ್ಟೇ ದೊಡ್ಡ ತಪ್ಪು.

ಇದರ ಇನ್ನೊಂದು ಮುಖವೂ ಅಷ್ಟೇ ನಿಜ. ಎಲ್ಲ ಪರೀಕ್ಷೆ ಮುಗಿದು ಹೃದಯ ಚೆನ್ನಾಗಿದೆ ಎಂದು ಖಚಿತವಾದರೂ ಆ ವ್ಯಕ್ತಿಗೆ ಆಗಿದ್ದು ನಾಟಕವಲ್ಲ. ಭಯವಾದಾಗ ಅಡ್ರಿನಲಿನ್ ರಕ್ತಕ್ಕೆ ಸೇರಿ ಹೃದಯ ನಿಜವಾಗಿಯೇ ಜೋರಾಗಿ ಬಡಿಯುತ್ತದೆ. ರಕ್ತ ಚರ್ಮದಿಂದ ಸ್ನಾಯುಗಳ ಕಡೆ ತಿರುಗುವುದರಿಂದ ಕೈಕಾಲು ತಣ್ಣಗಾಗುತ್ತವೆ. ಜೊತೆಗೆ ಬಾಯಿ ಒಣಗುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತುತ್ತತುದಿಗೆ ಏರಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಎಷ್ಟೋ ರೋಗಿಗಳಿಗೆ ತಾವು ಸಾಯುತ್ತಿದ್ದೇವೆ ಎಂದೇ ಅನ್ನಿಸುತ್ತದೆ. ಯಾವುದು ಹೃದಯ, ಯಾವುದು ಗಾಬರಿ ಎಂದು ಮನೆಯಲ್ಲಿ ಕೂತು ನಿರ್ಧರಿಸುವಂತಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಮೇಲೆ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಹೃದ್ರೋಗ ತಜ್ಞರಿಗೆ ಕಳಿಸುವ, ಅಗತ್ಯವಿದ್ದರೆ ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡು ಬೆಳೆದಿದೆ. ಎದೆನೋವು ಬಂದಾಗ ಮೈಸೂರಿನ ಸಾಲಿಗಿಂತ ಹತ್ತಿರದ ಇಸಿಜಿ ಯಂತ್ರ ಮುಖ್ಯ.

“ಬಾಯಿಗೆ ಕವರ್ ಹಿಡಿದು ಉಸಿರಾಡಿಸಿ”

ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ ತುಟಿ, ಬೆರಳುಗಳಲ್ಲಿ ಜುಮ್ಮೆನ್ನುತ್ತದೆ, ಕೆಲವರಿಗೆ ಬೆರಳು ಸೆಟೆಯುತ್ತವೆ. ನೋಡಿದವರು ಲಕ್ವ ಹೊಡೆಯಿತೆಂದು ಬೆಚ್ಚುತ್ತಾರೆ. ಕಾಗದದ ಚೀಲ ಹಿಡಿಯುವ ಹಳೆಯ ಪದ್ಧತಿಯನ್ನು ಈಗ ಕೈಬಿಡಬೇಕು. ಆ ಏದುಸಿರಿಗೆ ಶ್ವಾಸಕೋಶದ ಅಥವಾ ಹೃದಯದ ತೊಂದರೆ ಕಾರಣವಾಗಿದ್ದರೆ, ಇರುವ ಆಮ್ಲಜನಕವನ್ನೂ ಚೀಲ ಕಸಿಯುತ್ತದೆ. ಪಕ್ಕದಲ್ಲಿ ಕೂತು, ಉಸಿರನ್ನು ಎಳೆಯುವುದಕ್ಕಿಂತ ನಿಧಾನವಾಗಿ ಬಿಡಿಸಬೇಕು. ಜೊತೆಗೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಬೇಕು.

“ಕೂಗಾಡುವವರಿಗೇ ಹೆಚ್ಚು ಹೆದರಿಕೆ”

ವಾರ್ಡಿನಲ್ಲಿ ಅಳುವವರ ಹತ್ತಿರ ಎಲ್ಲರೂ ಓಡುತ್ತಾರೆ. ಗೋಡೆ ಕಡೆ ತಿರುಗಿ ಮಲಗಿದವರನ್ನು “ಪಾಪ, ಬಹಳ ಧೈರ್ಯಸ್ಥ” ಎಂದು ಹೊಗಳಿ ಮುಂದೆ ಹೋಗುತ್ತಾರೆ. ನಮ್ಮ ಕಡೆ ಗಂಡಸರಿಗೆ ಚಿಕ್ಕಂದಿನಿಂದಲೇ ಹೆದರಿಕೆಯನ್ನು ನುಂಗುವ ಪಾಠ ಆಗಿರುತ್ತದೆ. ಅವರ ಭಯ ಬೇರೆ ದಾರಿಯಲ್ಲಿ ಹೊರಬರುತ್ತದೆ: ಸಣ್ಣದಕ್ಕೆಲ್ಲ ಸಿಡುಕು, ಊಟ ಬೇಡ ಎನ್ನುವುದು, ಬೀಡಿಗೆಂದು ಹೊರಗೆ ಹೋಗಿ ತಾಸುಗಟ್ಟಲೆ ಬಾರದಿರುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಆಪರೇಷನ್ ಹಿಂದಿನ ರಾತ್ರಿ “ಊರಲ್ಲಿ ಕೆಲಸ ಐತೆ” ಎಂದು ಬ್ಯಾಗು ಕಟ್ಟುವುದು.

ನಾಡಿ, ಬಿ.ಪಿ. ನೋಡಿಯೇ ಭಯ ಹೇಳಿಬಿಡುತ್ತೇವೆ ಎನ್ನುವುದೂ ಅರ್ಧ ಸತ್ಯ. ಬಿಳಿ ಕೋಟು ಕಂಡರೇ ಬಿ.ಪಿ. ಏರುವವರಿದ್ದಾರೆ. ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಎದೆ ಎಷ್ಟು ಹೆದರಿದರೂ ಅಷ್ಟಾಗಿ ಓಡುವುದಿಲ್ಲ.

ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೊ ಕಳೆದ ಶತಮಾನದ ನಡುವಿನಲ್ಲೇ ಆತಂಕವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದರು. ನಮ್ಮ ನರ್ಸಿಂಗ್ ವಿದ್ಯಾರ್ಥಿಗಳೆಲ್ಲ ಅದನ್ನು ಪರೀಕ್ಷೆಗೆ ಓದುತ್ತಾರೆ. ಅದನ್ನು ಹಾಸಿಗೆಯ ಪಕ್ಕ ಬಳಸುವುದು ಕಡಿಮೆ ಎನ್ನುವುದು ನನ್ನ ನಿಜವಾದ ಸಂಕಟ. ಹಗುರ ಆತಂಕದಲ್ಲಿ ಗಮನ ಚುರುಕಾಗುತ್ತದೆ, ಹೇಳಿದ್ದು ತಲೆಗೆ ಹೋಗುತ್ತದೆ. ಮಧ್ಯಮ ಹಂತದಲ್ಲಿ ಗಮನ ಕಿರಿದಾಗುತ್ತದೆ. ತೀವ್ರವಾದಾಗ ಒಂದೇ ಒಂದು ವಿಷಯಕ್ಕೆ ಮನಸ್ಸು ಅಂಟಿಕೊಂಡು ಉಳಿದದ್ದು ಕೇಳಿಸುವುದೇ ಇಲ್ಲ. ಪ್ಯಾನಿಕ್ ಹಂತದಲ್ಲಿ ಸರಳ ಮಾತೂ ಅರ್ಥವಾಗದು. ಮೂರನೇ ಹಂತದಲ್ಲಿರುವ ರೋಗಿಗೆ ಶಸ್ತ್ರಚಿಕಿತ್ಸೆಯ ವಿವರವನ್ನೆಲ್ಲ ಹೇಳಿ ಸಹಿ ಹಾಕಿಸಿಕೊಂಡರೆ, ಆ ಸಹಿಗೆ ಅರ್ಥವಿಲ್ಲ. ಮೊದಲು ಹತ್ತಿರ ನಿಂತು, ಚಿಕ್ಕ ಚಿಕ್ಕ ಮಾತಿನಲ್ಲಿ ಭಯ ಇಳಿಸಬೇಕು, ವಿವರ ಆಮೇಲೆ.

“ಕೇಳಿದರೆ ಭಯ ಜಾಸ್ತಿಯಾಗುತ್ತೆ, ಧೈರ್ಯ ಹೇಳಿದರೆ ಸಾಕು”

ಹರ್ನಿಯಾ ಆಪರೇಷನ್‌ಗೆ ಸೇರಿದ, ತೆಂಗಿನ ತೋಟದ ರೈತನೊಬ್ಬ ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಿದ್ದಾನೆ ಅಂದುಕೊಳ್ಳಿ. “ಏನೂ ಆಗಲ್ಲ ಯಜಮಾನ್ರೇ, ಮಲಗಿ” ಎಂದರೆ ಆತ “ಹೂಂ” ಎಂದು ಕಣ್ಣು ಮುಚ್ಚುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ, ಭಯ ಅಲ್ಲೇ ಇರುತ್ತದೆ. ಅದರ ಬದಲು ನರ್ಸ್ ಸ್ಟೂಲ್ ಎಳೆದುಕೊಂಡು ಕೂತು, “ನಾಳೇದು ನೆನೆಸಿಕೊಂಡರೆ ಯಾವುದು ಹೆಚ್ಚು ಕಾಡ್ತಿದೆ?” ಎಂದು ಕೇಳಿ ಸುಮ್ಮನಿದ್ದರೆ ಸ್ವಲ್ಪ ಹೊತ್ತಿಗೆ ಉತ್ತರ ಬರುತ್ತದೆ: “ಬೆನ್ನಿಗೆ ಸೂಜಿ ಹಾಕಿದ್ರೆ ಆಮೇಲೆ ಜೀವ ಇರೋಗಂಟ ಬೆನ್ನು ನೋವಂತೆ. ಮರ, ಮಣ್ಣು ಕೆಲ್ಸ ಮಾಡೋರಿಗೆ ಬೆನ್ನೇ ಹೋದ್ರೆ?”

ಈಗ ಹಿಡಿಯಲು ಒಂದು ವಸ್ತು ಸಿಕ್ಕಿತು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ, ಅರಿವಳಿಕೆಯ ಸೂಜಿ ಹೋಗುವುದು ಅದಕ್ಕಿಂತ ಕೆಳಗೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ತಲೆನೋವು ಬರಬಹುದು, ಅದಕ್ಕೆ ಚಿಕಿತ್ಸೆಯಿದೆ. ಕಾಯಂ ಬೆನ್ನುನೋವು ಈ ಸೂಜಿಯಿಂದ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಸಿಸೇರಿಯನ್ ಆದ ಎಷ್ಟೋ ತಾಯಂದಿರು ವರ್ಷಗಟ್ಟಲೆ ಈ ಸೂಜಿಯನ್ನೇ ಬೈಯುತ್ತಾರೆ. ಬಸಿರಿನಲ್ಲಿ ಸಡಿಲವಾದ ಕೀಲು, ಮಗು ಎತ್ತಿ ಬಗ್ಗುವುದು, ಕೂತು ಹಾಲೂಡುವ ಭಂಗಿ, ಇವು ಆ ನೋವಿಗೆ ಹೆಚ್ಚು ಕಾರಣ.

ಭಯದ ಬಗ್ಗೆ ಕೇಳಿದರೆ ಭಯ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಕೇಳಲು ಅಳತೆಗೋಲುಗಳೂ ಇವೆ. ಶಸ್ತ್ರಚಿಕಿತ್ಸೆಗೆ ಮುಂಚೆ ಬಳಸುವ ಆಮ್‌ಸ್ಟರ್‌ಡ್ಯಾಮ್ ಮಾಪಕದಲ್ಲಿ ಆರೇ ವಾಕ್ಯ: ನಾಲ್ಕು ಅರಿವಳಿಕೆ ಮತ್ತು ಆಪರೇಷನ್ ಭಯದ ಬಗ್ಗೆ, ಎರಡು “ಇನ್ನಷ್ಟು ತಿಳಿಯಬೇಕು” ಎನ್ನುವ ಆಸೆಯ ಬಗ್ಗೆ. ಆ ಕೊನೆಯ ಎರಡು ನನಗೆ ಬಹಳ ಮುಖ್ಯವಾಗಿ ಕಾಣುತ್ತವೆ. ಎಲ್ಲ ತಿಳಿದರೆ ನಿರಾಳವಾಗುವವರೂ ಇದ್ದಾರೆ, ವಿವರ ಕೇಳಿದರೆ ಬೆವರುವವರೂ ಇದ್ದಾರೆ. ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿ ಕಳೆದ ಎರಡು ವಾರದ ಆತಂಕವನ್ನು ಅಳೆಯುತ್ತದೆ, 21ಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದೆ ನೋಡಬೇಕು. ಇಂದು ರಾತ್ರಿಯ ಹೆದರಿಕೆಗೆ ಅದು ಹೇಳಿಮಾಡಿಸಿದ್ದಲ್ಲ. ಅದಕ್ಕೆ ಸೊನ್ನೆಯಿಂದ ಹತ್ತರವರೆಗಿನ ಒಂದೇ ಪ್ರಶ್ನೆ ಸಾಕು. ಅಂಕಿ ಗೊಂದಲವಾಗುವ ಹಿರಿಯರು “ರೂಪಾಯಿಗೆ ನಾಲ್ಕಾಣೆ ಕಮ್ಮಿ ಆಗೈತೆ” ಎಂದು ತಾವಾಗಿಯೇ ಹೇಳುವುದನ್ನು ಯಾವ ಹಳ್ಳಿ ಆಸ್ಪತ್ರೆಯಲ್ಲೂ ಕೇಳಬಹುದು. ಅದನ್ನೇ ಅಳತೆ ಮಾಡಿಕೊಂಡು ಸಂಜೆಗೆ ಎಷ್ಟಿತ್ತು, ಬೆಳಿಗ್ಗೆಗೆ ಎಷ್ಟಾಯಿತು ಎಂದು ಬರೆದಿಡಬಹುದು.

“ಅವರಿಗೆ ಹೇಳಬೇಡಿ, ಎದೆ ಒಡೆದುಕೊಳ್ತಾರೆ”

ಮನೆಯವರ ಈ ಬೇಡಿಕೆಯ ಹಿಂದೆ ಪ್ರೀತಿಯೇ ಇದೆ. ಆದರೆ ಪಿಸುಮಾತು, ಬಾಗಿಲಾಚೆಯ ಅಳು, ಇದ್ದಕ್ಕಿದ್ದಂತೆ ಬಂದ ನೆಂಟರು, ಇವನ್ನೆಲ್ಲ ನೋಡುತ್ತ ಮಲಗಿದ ರೋಗಿ ಇರುವುದಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ. “ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಎಷ್ಟು ತಿಳಿಯಬೇಕು?” ಎಂದು ಅವರನ್ನೇ ಕೇಳುವುದು ಸರಿಯಾದ ದಾರಿ. ಇನ್ನು ಹರಕೆ, ತಾಯತದ ವಿಷಯ. ಜಾವಗಲ್ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ಕಾಯಿಲೆಯವರನ್ನು ಕರೆತರುತ್ತಾರೆ, ಅಲ್ಲಿನ ಲಕ್ಷ್ಮೀನರಸಿಂಹನಿಗೆ ಹರಕೆ ಹೊತ್ತವರೂ ಇದ್ದಾರೆ. ತೋಳಿನ ತಾಯತ ಕಂಡು ಮುಖ ಸಿಂಡರಿಸುವ ಬದಲು “ಏನಕ್ಕೆ ಕಟ್ಟಿಸಿದ್ರಿ?” ಎಂದು ಮೆಲ್ಲಗೆ ಕೇಳಿದರೆ, ರೋಗಿಗೆ ಯಾವುದರ ಭಯ ಎನ್ನುವುದು ಅಲ್ಲೇ ಗೊತ್ತಾಗುತ್ತದೆ. ಹರಕೆಯೂ ಇರಲಿ, ಮಾತ್ರೆಯೂ ತಪ್ಪದಿರಲಿ.

“ರಾತ್ರಿ ಒದ್ದಾಡಿದರು, ಹೆದರಿದ್ದಾರೆ ಅಷ್ಟೆ”

ಆಪರೇಷನ್ ಆದ ರಾತ್ರಿ ರೋಗಿ ಚಡಪಡಿಸಿ, ಬೆವರಿ, ನಳಿಕೆ ಕಿತ್ತುಕೊಳ್ಳಲು ನೋಡಿದರೆ ಭಯ ಎನ್ನುವ ಹೆಸರನ್ನು ಕಟ್ಟಕಡೆಗೆ ಕೊಡಬೇಕು. ಮೊದಲು ಆಮ್ಲಜನಕ, ಆಮೇಲೆ ಸಕ್ಕರೆ, ಬ್ಯಾಂಡೇಜಿನಡಿ ರಕ್ತ, ತುಂಬಿದ ಮೂತ್ರಕೋಶ, ನೋವು. ಒಳಗೆ ರಕ್ತ ಸೋರುತ್ತಿದ್ದರೂ ಶ್ವಾಸಕೋಶಕ್ಕೆ ಹೆಪ್ಪು ಹೋಗಿದ್ದರೂ ಮೊದಲು ಕಾಣುವುದು ಇದೇ ಚಡಪಡಿಕೆ ಇರಬಹುದು. ದಿನಾ ಕುಡಿಯುವವರು ಆಸ್ಪತ್ರೆ ಸೇರಿ ಕುಡಿತ ನಿಂತರೆ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ಕಳವಳ ಶುರುವಾಗಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವ ಸನ್ನಿಗೆ ತಿರುಗಿದರೆ ಜೀವವೇ ಹೋಗಬಹುದು. ಸೇರಿಸಿಕೊಳ್ಳುವಾಗ ಹೆಂಡತಿ, ಮಕ್ಕಳ ಮುಂದೆ “ಕುಡೀತೀರಾ?” ಎಂದರೆ ಸರಿಯುತ್ತರ ಸಿಗುವುದಿಲ್ಲ. ಒಬ್ಬರೇ ಇದ್ದಾಗ, ಬೈಯುವ ದನಿಯಿಲ್ಲದೆ, ಕೊನೆಯ ಸಲ ಯಾವಾಗ ಎಂದು ಕೇಳಬೇಕು.

ಇವೆಲ್ಲ ಇಲ್ಲವೆಂದಾದ ಮೇಲೂ ಆತಂಕ ವಾರಗಟ್ಟಲೆ ಬಿಡದಿದ್ದರೆ, ನಿದ್ದೆ, ಊಟ, ಕೆಲಸ ಕೆಟ್ಟರೆ, ಅದು ಚಿಕಿತ್ಸೆ ಇರುವ ಕಾಯಿಲೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಡಿಸ್ಚಾರ್ಜ್ ಚೀಟಿಯ ಮೇಲೆ ಮಾತ್ರೆಗಳ ಕೆಳಗೆ ನರ್ಸ್ ಆ ಐದು ಅಂಕಿಯನ್ನೂ ಬರೆದುಕೊಡಬಹುದು.