ಹುಳು ಕುರಿಯಲ್ಲಿಲ್ಲ, ಹುಲ್ಲಿನಲ್ಲಿದೆ

ಮುಂಗಾರಿನ ಹದಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಗೋಮಾಳ ಹಸಿರಾಗುತ್ತದೆ. ಬೇಸಿಗೆಯಿಡೀ ಒಣ ಕಡ್ಡಿ, ಜಾಲಿಕಾಯಿ ತಿಂದು ಸೊರಗಿದ ಕುರಿಗಳು ಎಳೆ ಗರಿಕೆಗೆ ಬಾಯಿ ಹಾಕುವುದನ್ನು ಕಂಡರೆ ಕುರಿ ಸಾಕಿದವರಿಗೆ ನೆಮ್ಮದಿ. ಹುಲ್ಲು ಚಿಗುರಲು ಬೇಕಾದ ಅದೇ ಐದಾರು ದಿನದಲ್ಲಿ, ಅದೇ ತೇವದಲ್ಲಿ, ನೆಲಕ್ಕೆ ಬಿದ್ದ ಹಿಕ್ಕೆಯೊಳಗೆ ಇನ್ನೊಂದು ಕೆಲಸವೂ ನಡೆದಿರುತ್ತದೆ. ಜಂತುವಿನ ಮೊಟ್ಟೆ ಒಡೆದು, ಮರಿಹುಳು ಎರಡು ಹಂತ ದಾಟಿ, ಮತ್ತೊಂದು ಕುರಿಯ ಹೊಟ್ಟೆ ಸೇರಲು ಸಿದ್ಧವಾಗಿ ಹುಲ್ಲಿನ ಬುಡದಲ್ಲಿರುತ್ತದೆ. ಮೇವು ಸಮೃದ್ಧವಾಗಿರುವ ಆಷಾಢ, ಶ್ರಾವಣದಲ್ಲೇ ಕುರಿಗಳ ಕಣ್ಣು ಬಿಳಿಚಿಕೊಂಡು, ಗದ್ದದ ಕೆಳಗೆ ನೀರು ತುಂಬಿ, ಮರಿಗಳು ಒಂದೊಂದಾಗಿ ಬೀಳುವುದೇಕೆ ಎಂಬುದಕ್ಕೆ ಉತ್ತರ ಬಹುಪಾಲು ಇಲ್ಲಿದೆ.

ಹೀಮಾಂಕಸ್ ಕಂಟಾರ್ಟಸ್ ಎಂಬ ಈ ಹುಳು ಕುರಿ, ಮೇಕೆಗಳ ನಾಲ್ಕನೆಯ ಹೊಟ್ಟೆಯಲ್ಲಿ ಬೀಡುಬಿಟ್ಟು ರಕ್ತ ಹೀರುತ್ತದೆ. ಹೆಣ್ಣುಹುಳು ಎರಡು, ಮೂರು ಸೆಂಟಿಮೀಟರ್ ಉದ್ದ. ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿಯ ಅಂಡಾಶಯ ಸುತ್ತಿಕೊಂಡಿರುವುದರಿಂದ ಸತ್ತ ಕುರಿಯನ್ನು ಕೊಯ್ದಾಗ ಬರಿಗಣ್ಣಿಗೇ ಗುರುತು ಸಿಗುತ್ತದೆ. ಒಂದು ಹುಳುವಿನಿಂದ ದಿನಕ್ಕೆ ಆಗುವ ರಕ್ತನಷ್ಟ ಸುಮಾರು 0.05 ಮಿಲಿಲೀಟರ್. ಕೇಳಲು ಅತ್ಯಲ್ಪ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್, ತಿಂಗಳಿಗೆ ಒಂದೂವರೆ ಲೀಟರ್. 25 ಕಿಲೋ ತೂಗುವ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಹೆಚ್ಚುಕಡಿಮೆ ಅಷ್ಟು. ಒಂದು ಹೆಣ್ಣುಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಹೊಟ್ಟೆಯಲ್ಲಿ ಬರೀ 500 ಹುಳುಗಳಿದ್ದು, ಅವುಗಳಲ್ಲಿ ಅರ್ಧ ಹೆಣ್ಣಾದರೂ ಒಂದು ಕುರಿ ದಿನವೊಂದಕ್ಕೆ ಕನಿಷ್ಠ ಹನ್ನೆರಡೂವರೆ ಲಕ್ಷ ಮೊಟ್ಟೆಗಳನ್ನು ಹುಲ್ಲುಗಾವಲಿಗೆ ಉದುರಿಸುತ್ತದೆ. ಈಯುವ ಹೊತ್ತಿನಲ್ಲಿ ತಾಯಿಕುರಿಯ ರೋಗನಿರೋಧ ಕುಗ್ಗುವುದರಿಂದ ಈ ಲೆಕ್ಕ ಇನ್ನೂ ಏರುತ್ತದೆ. ಹೊಸ ಮರಿಗಳು ಮೊದಲ ಸಲ ಹುಲ್ಲು ಕಚ್ಚುವುದು ಆ ನೆಲದಲ್ಲೇ.

ನೆಲಕ್ಕೆ ಬಿದ್ದ ಮೇಲಿನ ಕತೆಯನ್ನು ನಾವು ಸಾಕಷ್ಟು ಗಮನಿಸಿಲ್ಲ. ಮೊದಲೆರಡು ಹಂತದ ಲಾರ್ವಾ ಹಿಕ್ಕೆಯಲ್ಲಿನ ಬ್ಯಾಕ್ಟೀರಿಯಾ ತಿಂದು ಬೆಳೆಯುತ್ತದೆ. ಮೂರನೆಯ ಹಂತಕ್ಕೆ ಬಂದಾಗ ಹಳೆಯ ಪೊರೆಯನ್ನು ಕಳಚದೆ ಅದನ್ನೇ ಕವಚವಾಗಿ ಉಳಿಸಿಕೊಳ್ಳುತ್ತದೆ. ಆ ಕವಚದಿಂದ ಬಿಸಿಲು, ಒಣಹವೆಯ ವಿರುದ್ಧ ರಕ್ಷಣೆ ಸಿಗುತ್ತದೆ, ಆದರೆ ಬಾಯಿಯೂ ಮುಚ್ಚಿಹೋಗುತ್ತದೆ. ಇನ್ನು ಅದು ಏನನ್ನೂ ತಿನ್ನಲಾರದು. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ಬುತ್ತಿ ಮುಗಿಯುವುದರೊಳಗೆ ಯಾವುದಾದರೂ ಕುರಿ ಬಂದು ಹುಲ್ಲಿನೊಡನೆ ನುಂಗಬೇಕು, ಇಲ್ಲವಾದರೆ ಸಾವು. ಸೆಖೆ ಹೆಚ್ಚಿದಷ್ಟೂ ಅದರ ಓಡಾಟ ಹೆಚ್ಚು, ಬುತ್ತಿ ಬೇಗ ಖಾಲಿ. ತಂಪಿನಲ್ಲಿ ಅದು ಮೆಲ್ಲಗೆ ಬದುಕುತ್ತದೆ, ತಿಂಗಳುಗಟ್ಟಲೆ ಕಾಯುತ್ತದೆ. ಹುಲ್ಲಿನ ಎಸಳಿನ ಮೇಲೆ ನೀರಿನ ತೆಳುಪದರ ಇದ್ದರಷ್ಟೇ ಅದು ಮೇಲೇರಬಲ್ಲದು, ಏರಿದರೂ ಹೆಚ್ಚಿನವು ನೆಲದಿಂದ ಐದು ಸೆಂಟಿಮೀಟರಿನೊಳಗೇ ಉಳಿಯುತ್ತವೆ. ಇಬ್ಬನಿ ಆರುವವರೆಗೆ ಕುರಿ ಬಿಡಬಾರದೆಂಬ ಹಳೆಯ ಕುರಿಗಾಹಿಗಳ ಪದ್ಧತಿಯಲ್ಲಿ ಹುರುಳಿದೆ. ಆದರೆ ಅದರ ಮೇಲೇ ಭಾರ ಹಾಕಿ ಕೂರುವಂತಿಲ್ಲ. ಬುಡದವರೆಗೆ ಮೇಯ್ದು ಬೋಳಾದ ನೆಲದಲ್ಲಿ ಕುರಿ ಹತ್ತು ಗಂಟೆಗೆ ಹೋದರೂ ಬಾಯಿ ತಾಗುವುದು ಅದೇ ಐದು ಸೆಂಟಿಮೀಟರಿಗೆ. ಮಳೆ ಕೈಕೊಟ್ಟರೆ ಲಾರ್ವಾ ಹಿಕ್ಕೆಯೊಳಗೇ ಅಡಗಿದ್ದು, ಮುಂದಿನ ಮಳೆಗೆ ಒಟ್ಟಾಗಿ ಹೊರಬೀಳುವುದೂ ಉಂಟು.

ಇದರ ಹವಾಮಾನದ ಗಡಿಯನ್ನು 1948ರಲ್ಲೇ ಆಸ್ಟ್ರೇಲಿಯಾದ ಗಾರ್ಡನ್ ಎಂಬ ವಿಜ್ಞಾನಿ ಗುರುತಿಸಿದ್ದರು. ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ 18 ಡಿಗ್ರಿ ಸೆಲ್ಸಿಯಸ್ ಮೀರಿ, ತಿಂಗಳ ಮಳೆ 50 ಮಿಲಿಮೀಟರ್ ದಾಟಿದರೆ ಈ ಹುಳುವಿಗೆ ಸುಗ್ಗಿ. ಚಳಿ ದೇಶಗಳಲ್ಲಿ ಮೊದಲ ಷರತ್ತೇ ವರ್ಷದ ಹಲವು ತಿಂಗಳು ಬಾಗಿಲು ಮುಚ್ಚುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 18ಕ್ಕಿಂತ ಕೆಳಗಿಳಿಯುವ ತಿಂಗಳೇ ಇಲ್ಲ. ನಮ್ಮಲ್ಲಿ ಬಾಗಿಲು ಮುಚ್ಚುವುದು ಬರ ಮಾತ್ರ, ಅದರಲ್ಲೂ ಜನವರಿಯಿಂದ ಏಪ್ರಿಲ್‌ವರೆಗಿನ ಒಣಗಾಲ.

ಆ ಒಣಗಾಲವನ್ನೇ ನಾವೀಗ ತೆಗೆದುಹಾಕುತ್ತಿದ್ದೇವೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದ ಕುರಿಗಳ ಸಂಖ್ಯೆ ಸುಮಾರು 1.1 ಕೋಟಿ, ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮದೇ ಸ್ಥಾನ. ಇವುಗಳಲ್ಲಿ ದೊಡ್ಡ ಪಾಲು ಹಿಂದೆ ಊರೂರು ತಿರುಗುತ್ತಿತ್ತು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ತರುಬಿ, ಎರಡು ರಾತ್ರಿ ಕಳೆದು ಮುಂದಿನ ಹೊಲಕ್ಕೆ ಹೋಗುವ ಕುರುಬರ ಮಂದೆಗೆ ತಾನು ಉದುರಿಸಿದ ಹಿಕ್ಕೆಯ ಮೇಲೆ ಮತ್ತೆ ಮೇಯುವ ಪ್ರಸಂಗ ಕಡಿಮೆ. ಈಗ ಗೋಮಾಳಗಳು ಒತ್ತುವರಿಯಾಗಿ, ನಿವೇಶನಗಳಾಗಿ ಕಿರಿದಾಗಿವೆ. ನಗರದ ಕೆಲಸ ಬಿಟ್ಟು ಬಂದ ಹುರುಪಿನ ಯುವಕರು ಎರಡು ಮೂರು ಎಕರೆಗೆ ಬೇಲಿ ಹಾಕಿ, ಕೊಳವೆಬಾವಿಯ ನೀರು ಚಿಮುಕಿಸಿ, ವರ್ಷವಿಡೀ ಹಸಿರಾಗಿಟ್ಟು ಅದರೊಳಗೇ ಕುರಿ ಬಿಡುತ್ತಾರೆ. ಲಾರ್ವಾ ಬದುಕಲು ಇದಕ್ಕಿಂತ ಒಳ್ಳೆಯ ಜಾಗವನ್ನು ಬೇಕೆಂದೇ ಕಟ್ಟಿದರೂ ಕಟ್ಟಲಾಗದು. ಅಟ್ಟಣಿಗೆಯ ಕೊಟ್ಟಿಗೆಯಲ್ಲಿ ಕಟ್ಟಿ, ಕೊಯ್ದ ಮೇವು ಹಾಕುವವರಿಗೆ ಈ ಕಾಟ ಬಹಳ ಕಡಿಮೆ. ನನ್ನ ಆತಂಕ ಇವೆರಡರ ನಡುವಿನವರ ಬಗ್ಗೆ: ರಾತ್ರಿ ಕೊಟ್ಟಿಗೆ, ಹಗಲು ಅದೇ ನೀರಾವರಿಯ ತುಂಡು ನೆಲ. ಇದರ ಮೇಲೆ ಅಕಾಲ ಮಳೆ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ರಾಗಿ ಹೊಲದಲ್ಲೇ ನೆನೆದು ಮೊಳಕೆಯೊಡೆದದ್ದು ಸುದ್ದಿಯಾಯಿತು. ರಾಗಿಯನ್ನು ಮೊಳೆಸುವ ತೇವ ಹಿಕ್ಕೆಯನ್ನು ಬಿಟ್ಟೀತೆ?

ಇಷ್ಟಕ್ಕೆಲ್ಲ ಔಷಧಿ ಇದೆಯಲ್ಲ ಎಂದು ಕೇಳಬಹುದು. ಇದೆ, ಇನ್ನೂ. ಥಯಾಬೆಂಡಜೋಲ್ 1961ರಲ್ಲಿ ಮಾರುಕಟ್ಟೆಗೆ ಬಂತು. 1964ಕ್ಕೆ ಅಮೆರಿಕದ ಕೆಂಟಕಿಯಲ್ಲಿ ಅದಕ್ಕೆ ಬಗ್ಗದ ಹೀಮಾಂಕಸ್ ವರದಿಯಾಯಿತು. ಭಾರತದಲ್ಲಿ ಇಂಥ ವರದಿ ಬಂದದ್ದು 1976ರಲ್ಲಿ. 1981ರಲ್ಲಿ ಐವರ್ಮೆಕ್ಟಿನ್ ಬಂದಾಗ ಇನ್ನು ಚಿಂತೆಯಿಲ್ಲ ಎಂದವರೇ ಹೆಚ್ಚು. ಆ ದಶಕ ಮುಗಿಯುವ ಮೊದಲೇ ದಕ್ಷಿಣ ಆಫ್ರಿಕಾದ ಮಂದೆಗಳಲ್ಲಿ ಅದೂ ಸೋತಿತು. ಬಳಿಕ ಹೊಸದೊಂದು ಗುಂಪಿನ ಔಷಧಿ, ಮೊನೆಪ್ಯಾಂಟೆಲ್, 2009ರಲ್ಲಿ ನ್ಯೂಜಿಲೆಂಡಿನಲ್ಲಿ ಬಿಡುಗಡೆಯಾಯಿತು. 2013ರಲ್ಲಿ ಅಲ್ಲಿಯದೇ ಒಂದು ಫಾರಂನಲ್ಲಿ ಅದನ್ನು ಜಯಿಸಿದ ಕರುಳುಹುಳುಗಳು ಪತ್ತೆಯಾದವು. ಮೂರು ವರ್ಷ, ಆರೇಳು ವರ್ಷ, ನಾಲ್ಕು ವರ್ಷ. ಹೊಸ ಔಷಧಿಗಳು ಬರುವ ವೇಗಕ್ಕಿಂತ ಅವು ಸೋಲುವ ವೇಗ ಹೆಚ್ಚು.

ಔಷಧಿ ಸೋಲುವುದಕ್ಕೂ ಹುಲ್ಲಿನಲ್ಲಿರುವ ಲಾರ್ವಾಗಳಿಗೂ ಇರುವ ನಂಟು ಮೊದಲ ನೋಟಕ್ಕೆ ವಿಚಿತ್ರವಾಗಿದೆ. ಔಷಧಿ ಕುಡಿಸಿದ ದಿನ ಕುರಿಯ ಹೊಟ್ಟೆಯಲ್ಲಿರುವ ಹುಳುಗಳಿಗೆ ಮಾತ್ರ ಅದರ ಏಟು ಬೀಳುತ್ತದೆ. ಹುಲ್ಲಿನಲ್ಲಿರುವ ಲಕ್ಷಾಂತರ ಲಾರ್ವಾಗಳಿಗೆ ಔಷಧಿಯ ಸೋಂಕೇ ಇಲ್ಲ. ಹೊಟ್ಟೆಯಲ್ಲಿ ಬದುಕುಳಿದ ಬೆರಳೆಣಿಕೆಯ ಗಟ್ಟಿಹುಳುಗಳು ಮೊಟ್ಟೆಯಿಟ್ಟರೂ, ಹುಲ್ಲಿನಿಂದ ಒಳಬರುವ ಸಾಮಾನ್ಯ ಹುಳುಗಳ ಸಂತೆಯಲ್ಲಿ ಅವುಗಳ ಗುಣ ಕರಗಿಹೋಗುತ್ತದೆ. ಹುಲ್ಲಿನಲ್ಲಿ ಲಾರ್ವಾಗಳೇ ಇಲ್ಲದ ಹೊತ್ತಿನಲ್ಲಿ ಇಡೀ ಮಂದೆಗೆ ಕುಡಿಸಿದರೆ ಮುಂದಿನ ಪೀಳಿಗೆಯೆಲ್ಲ ಆ ಗಟ್ಟಿಹುಳುಗಳ ಸಂತಾನವೇ. ಪಶ್ಚಿಮ ಆಸ್ಟ್ರೇಲಿಯಾದ ಕುರಿಗಾರರು ಒಣ ಬೇಸಿಗೆಯಲ್ಲಿ ಎಲ್ಲ ಕುರಿಗಳಿಗೂ ಔಷಧಿ ಕುಡಿಸುವ ಪದ್ಧತಿಯನ್ನು ಶಿಸ್ತಿನಿಂದ ಪಾಲಿಸಿದರು. ಹುಳು ನಿಜಕ್ಕೂ ಇಳಿಯಿತು. ಕೆಲವೇ ವರ್ಷಗಳಲ್ಲಿ ಅದೇ ಪ್ರದೇಶ ಔಷಧಿಗೆ ಬಗ್ಗದ ಹುಳುಗಳಿಗೆ ಹೆಸರಾಯಿತು. ಶತ್ರುವನ್ನು ಪೂರ್ತಿ ನಿರ್ನಾಮ ಮಾಡಹೊರಟದ್ದೇ ಅಲ್ಲಿ ಮುಳುವಾದದ್ದು.

ನಮ್ಮಲ್ಲಿ ಮುಂಗಾರಿಗೆ ಮುನ್ನ, ನೆಲ ಕಾದ ಹೆಂಚಾಗಿರುವಾಗ, ಇಡೀ ಮಂದೆಗೆ ಒಂದೇ ದಿನ ಕುಡಿಸುವುದುಂಟು. ಒಣಗಾಲದಲ್ಲಿ ಎಳೆಹುಳುಗಳು ಹೊಟ್ಟೆಯ ಒಳಪದರದಲ್ಲಿ ಬೆಳವಣಿಗೆ ನಿಲ್ಲಿಸಿ ಮಲಗಿರುವುದರಿಂದ ಆಗ ಕುಡಿಸಿದರೆ ಬೇರನ್ನೇ ಕಿತ್ತಂತೆ ಕಾಣುತ್ತದೆ. ಅಪಾಯ ಇರುವುದೂ ಅಲ್ಲೇ. ಔಷಧಿ ಕುಡಿಸಿ ಕೂಡಲೇ ಹೊಸ ಹುಲ್ಲಿಗೆ ಹೊಡೆಯಿರಿ ಎಂಬುದೂ ಒಂದು ಕಾಲಕ್ಕೆ ಪಠ್ಯಪುಸ್ತಕದ ಸಲಹೆ. ಅದನ್ನು ಇಂದು ಕೊಡುವವರು ಹೊಸ ನೆಲಕ್ಕೆ ಗಟ್ಟಿಹುಳುಗಳನ್ನಷ್ಟೇ ಬಿತ್ತಲು ಹೇಳುತ್ತಿದ್ದಾರೆ. ತೂಕ ನೋಡದೆ ಕಣ್ಣಂದಾಜಿನಲ್ಲಿ ಕುಡಿಸುವುದು, ಬಾಟಲಿ ಸಾಲದೆಂದು ಪ್ರಮಾಣ ತಗ್ಗಿಸುವುದು ಇನ್ನೊಂದು ಕೇಡು. ಮೇಕೆಗಳ ದೇಹ ಈ ಔಷಧಿಗಳನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಕುರಿಗೆ ಸರಿಹೋಗುವ ಪ್ರಮಾಣ ಮೇಕೆಯ ಹೊಟ್ಟೆಯ ಹುಳುವಿಗೆ ಅರೆಪೆಟ್ಟು. ಕುರಿ, ಮೇಕೆ ಒಟ್ಟಿಗೆ ಮೇಯುವ ನಮ್ಮ ಮಂದೆಗಳಲ್ಲಿ ಆ ಅರೆಪೆಟ್ಟು ತಿಂದು ಗಟ್ಟಿಯಾದ ಹುಳು ಕುರಿಗೂ ಬರುತ್ತದೆ. ಅಂಗಡಿಯಲ್ಲಿ ಬೇರೆ ಬೇರೆ ಹೆಸರಿನ ಡಬ್ಬಿ ಕೊಂಡು ಔಷಧಿ ಬದಲಿಸಿದೆವು ಎಂದುಕೊಳ್ಳುವವರು ಡಬ್ಬಿಯ ಹಿಂಬದಿ ಓದಬೇಕು. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಎರಡೂ ಒಂದೇ ಗುಂಪು. ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಬಗ್ಗುವುದಿಲ್ಲ. ಭಾರತದಲ್ಲಿ ಪ್ರತಿರೋಧ ಹೆಚ್ಚಾಗಿ ಕಂಡಿರುವುದು ಸಂಘಟಿತ ಫಾರಂಗಳಲ್ಲಿ, ಅಂದರೆ ತಪ್ಪದೆ ಔಷಧಿ ಕುಡಿಸುವ ಕಡೆ. ಸುಧಾರಿತ ತಳಿಯ ಟಗರುಗಳು ಹಳ್ಳಿಯ ಮಂದೆಗೆ ಬರುವುದು ಅಲ್ಲಿಂದಲೇ.

ಬಾಗಿಲು ಇನ್ನೂ ಪೂರ್ತಿ ಮುಚ್ಚಿಲ್ಲ ಎನ್ನಲು ಪುರಾವೆ ಟೋಂಗಾ ದ್ವೀಪಗಳಿಂದ ಬಂದಿದೆ. ಅಲ್ಲಿನ ತೇವ, ಸೆಖೆಯಲ್ಲಿ ಲಾರ್ವಾಗಳು ಬೇಗ ಹುಟ್ಟಿ ಬೇಗ ಸಾಯುವುದನ್ನು ಕಂಡ ಸಂಶೋಧಕರು ಮೇಕೆಗಳ ಹುಲ್ಲುಗಾವಲನ್ನು ಹತ್ತು ತುಂಡು ಮಾಡಿದರು. ಪ್ರತಿ ತುಂಡಿನಲ್ಲಿ ಮೂರೂವರೆ ದಿನ ಮೇಯಿಸಿ, 31 ದಿನಕ್ಕೂ ಮಿಕ್ಕಿ ವಿಶ್ರಾಂತಿ. ಮೂರೂವರೆ ದಿನದಲ್ಲಿ ಹೊಸ ಮೊಟ್ಟೆಗಳು ಸೋಂಕುವ ಹಂತಕ್ಕೆ ಬರುವುದಿಲ್ಲ. ತಿಂಗಳು ದಾಟಿ ಮರಳುವಷ್ಟರಲ್ಲಿ ಬಹುಪಾಲು ಲಾರ್ವಾಗಳು ಬುತ್ತಿ ಮುಗಿಸಿ ಸತ್ತಿರುತ್ತವೆ. ಔಷಧಿಯ ಅಗತ್ಯ ಗಣನೀಯವಾಗಿ ತಗ್ಗಿತು. ಇದನ್ನು ಕರಾವಳಿ, ಮಲೆನಾಡಿನ ಸೆರಗಿಗೆ ಒಗ್ಗಿಸಬಹುದು. ಬಯಲುಸೀಮೆಯ ತಂಪು ಕಾರ್ತಿಕಕ್ಕೆ ಅದೇ 31 ದಿನ ಸಾಲದು; ಇಲ್ಲಿಯ ಲೆಕ್ಕವನ್ನು ಇಲ್ಲಿಯ ಹುಲ್ಲಿನಲ್ಲೇ ಮಾಡಿ ನೋಡಬೇಕು. ವಿಶ್ರಾಂತಿಯಲ್ಲಿರುವ ತುಂಡಿಗೆ ದನ ಬಿಡುವುದೂ ಒಂದು ಉಪಾಯ. ದನದ ಹೊಟ್ಟೆ ಸೇರಿದ ಕುರಿಹುಳುವಿನ ಲಾರ್ವಾಗಳಲ್ಲಿ ಹೆಚ್ಚಿನವಕ್ಕೆ ಅಲ್ಲಿ ಬಾಳುವೆಯಿಲ್ಲ.

ಇನ್ನೊಂದು ದಾರಿ ಯಾರಿಗೆ ಔಷಧಿ ಎಂಬುದನ್ನು ಆರಿಸುವುದು. ಮಂದೆಯ ಹೆಚ್ಚಿನ ಹುಳು ಇರುವುದು ಕೆಲವೇ ಕುರಿಗಳಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಮಲಾನ್ ಮತ್ತು ಸಂಗಡಿಗರು ರೂಪಿಸಿದ ಫಮಾಚಾ ಕಾರ್ಡಿನಲ್ಲಿ ಕೆಂಪಿನಿಂದ ಬಿಳಿಯವರೆಗೆ ಐದು ಬಣ್ಣಗಳಿವೆ. ಕೆಳರೆಪ್ಪೆ ಎಳೆದು ಒಳಬಣ್ಣವನ್ನು ಕಾರ್ಡಿಗೆ ಹೋಲಿಸಿ, ಬಿಳಿಚಿದವಕ್ಕೆ ಕುಡಿಸಿ, ಕೆಂಪಗಿರುವವನ್ನು ಬಿಡುವುದು. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ಇದು ನಡೆಯಬೇಕು. ರಕ್ತ ಹೀರುವ ಹುಳುವಿಗೆ ಮಾತ್ರ ಈ ಕಾರ್ಡು ಉಪಯೋಗ. ಮಿಕ್ಕ ಕರುಳುಹುಳುಗಳಿಗೆ ಕಣ್ಣು ಬಿಳಿಚುವುದಿಲ್ಲ. ಕುಡಿಸದೆ ಬಿಟ್ಟ ಕುರಿಗಳು ಉದುರಿಸುವ ಸಾಮಾನ್ಯ ಹುಳುಗಳ ಮೊಟ್ಟೆಗಳೇ ಔಷಧಿಯ ಆಯುಷ್ಯ ಉಳಿಸುತ್ತವೆ. ಕೈಯಲ್ಲಿ ದುಡ್ಡು, ಬಾಟಲಿ ಎರಡೂ ಇರುವಾಗ ಅರ್ಧ ಮಂದೆಯನ್ನು ಹಾಗೇ ಬಿಡುವುದಕ್ಕೆ ಎದೆಗಾರಿಕೆ ಬೇಕು, ಒಪ್ಪುತ್ತೇನೆ.

ತಳಿಯಲ್ಲೂ ಬಲವಿದೆ. ಸುಂದರಬನದ ಜೌಗಿನಲ್ಲಿ ಬೆಳೆದ ಗಾರೋಲ್ ಕುರಿಯನ್ನು ಮಹಾರಾಷ್ಟ್ರದ ಫಲ್ಟಣ್‌ನಲ್ಲಿ ನಮ್ಮ ಡೆಕ್ಕನಿ, ಬನ್ನೂರು ಕುರಿಗಳೊಡನೆ ಬೆರೆಸಿ ನೋಡಿದಾಗ, ಗಾರೋಲ್ ರಕ್ತವಿರುವ ಮರಿಗಳ ಹಿಕ್ಕೆಯಲ್ಲಿ ಜಂತುವಿನ ಮೊಟ್ಟೆ ಕಡಿಮೆ ಇತ್ತು. ಮೈಕಟ್ಟು ಚಿಕ್ಕದು, ತೂಕ ಕಡಿಮೆ, ಹಾಗಾಗಿ ಸಂತೆಯಲ್ಲಿ ಬೆಲೆಯೂ ಕಡಿಮೆ. ಟಗರು ಕೊಳ್ಳುವಾಗ ನಾವು ಹಲ್ಲು, ಕೊಂಬು, ಎದೆಯಗಲ ನೋಡುತ್ತೇವೆ. ಹಿಕ್ಕೆ ಪರೀಕ್ಷೆಯ ಚೀಟಿ ಕೇಳುವುದಿಲ್ಲ.

ಆ ಪರೀಕ್ಷೆ ದುಬಾರಿಯಲ್ಲ. ಔಷಧಿ ಕುಡಿಸುವ ದಿನ ಹತ್ತು ಹದಿನೈದು ಕುರಿಗಳ ಹಿಕ್ಕೆಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಮೊಟ್ಟೆ ಎಣಿಸಬೇಕು, 10ರಿಂದ 14 ದಿನದ ನಂತರ ಅದೇ ಕುರಿಗಳದ್ದನ್ನು ಮತ್ತೆ ಎಣಿಸಬೇಕು. ಮೊಟ್ಟೆ ಶೇ. 95ರಷ್ಟು ಇಳಿಯದಿದ್ದರೆ ಆ ಮಂದೆಯಲ್ಲಿ ಆ ಗುಂಪಿನ ಔಷಧಿ ಸೋಲತೊಡಗಿದೆ. ಸಂತೆಯಿಂದ ತಂದ ಕುರಿಗಳನ್ನು ಈ ಎಣಿಕೆ ಮುಗಿಯುವವರೆಗೆ ನಮ್ಮ ಹುಲ್ಲಿಗೆ ಬಿಡದೆ, ಕಟ್ಟಿ ಮೇಯಿಸಬೇಕು. ಅವುಗಳ ಹಿಕ್ಕೆಯನ್ನು ತಿಪ್ಪೆಯಲ್ಲಿ ಚೆನ್ನಾಗಿ ಕಾಯಿಸಿ ಕೊಳೆಸಿದ ಮೇಲೆಯೇ ಮೇವಿನ ತಾಕಿಗೆ ಹಾಕಬೇಕು.