ವಾಹನದಲ್ಲಿ ಮಂದ್ರನಾದ

ಚುಂಚನಕಟ್ಟೆಯ ಜಾತ್ರೆಗೋ ಬೆಟ್ಟದಪುರದ ತೇರಿಗೋ ಹೊರಟ ವಾಹನಗಳಿಂದ ಎದೆ ನಡುಗಿಸುವ ಮಂದ್ರನಾದ ಕೇಳಿಬರುವುದುಂಟು. ಅದನ್ನು ಹೊರಡಿಸುವ ಸಾಧನವೇ ಸಬ್‌ವೂಫರು. ಅದಕ್ಕೆ ಬಲವೀಯುವುದು ಆಂಪ್ಲಿಫೈಯರು. ಎರಡಕ್ಕೂ ಆಧಾರ ವಾಹನದ ಬ್ಯಾಟರಿ.

ಮನೆಯ ವಿದ್ಯುತ್ತಿನ ಒತ್ತಡ 230 ವೋಲ್ಟ್. ಕಾರಿನ ಬ್ಯಾಟರಿಯದು 12 ವೋಲ್ಟ್ ಮಾತ್ರ. ಒತ್ತಡ ಕಡಿಮೆಯಾದುದರಿಂದ ಅಪಾಯವೂ ಕಡಿಮೆಯೆಂದು ಭಾವಿಸುವುದು ತಪ್ಪು. 600 ವ್ಯಾಟ್ ಸಾಮರ್ಥ್ಯಕ್ಕೆ ಮನೆಯಲ್ಲಿ 3 ಆಂಪೇರಿಗೂ ಕಡಿಮೆ ಪ್ರವಾಹ ಸಾಕು. ಕಾರಿನಲ್ಲಿ 50 ಆಂಪೇರ್ ಬೇಕು. ತೆಳುವಾದ ತಂತಿಯಲ್ಲಿ ಅಷ್ಟು ಪ್ರವಾಹ ಹರಿದರೆ ಹೊದಿಕೆ ಕರಗಿ ಬೆಂಕಿ ಹತ್ತಬಹುದು. ಆದುದರಿಂದ ದಪ್ಪನೆಯ ತಾಮ್ರದ ತಂತಿಯನ್ನೇ ಬಳಸಬೇಕು. ಫ್ಯೂಸನ್ನು ಬ್ಯಾಟರಿಯ ಸಮೀಪದಲ್ಲಿಯೇ ಅಳವಡಿಸಬೇಕು. ಅದು ದೂರದಲ್ಲಿದ್ದರೆ, ನಡುವಿನ ತಂತಿ ಸವೆದು ಕಾರಿನ ಲೋಹಕ್ಕೆ ತಗುಲಿದಾಗ ಪ್ರವಾಹವನ್ನು ತಡೆಯುವುದು ಯಾವುದೂ ಇರುವುದಿಲ್ಲ.

ಜೋಡಣೆಗೂ ಲೆಕ್ಕವುಂಟು. 4 ಓಮ್ ರೋಧದ ಎರಡು ಸಬ್‌ವೂಫರುಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಟ್ಟು ರೋಧ 8 ಓಮ್. ಸಮಾಂತರವಾಗಿ ಜೋಡಿಸಿದರೆ 2 ಓಮ್. ರೋಧ ಕುಗ್ಗಿದಂತೆ ಪ್ರವಾಹ ಹಿಗ್ಗುತ್ತದೆ. 4 ಓಮಿಗಿಂತ ಕಡಿಮೆ ರೋಧವನ್ನು ತಾಳಲಾರದ ಆಂಪ್ಲಿಫೈಯರು ಸಮಾಂತರ ಜೋಡಣೆಯಲ್ಲಿ ಕಾದು ಕೆಡಬಹುದು. ಅದರ ಮೇಲೆ ನಮೂದಿಸಿರುವ ಕನಿಷ್ಠ ರೋಧವನ್ನು ನೋಡಿಕೊಂಡ ಅನಂತರವೇ ಕೆಲಸಕ್ಕೆ ತೊಡಗಬೇಕು.

ತಂತಿಯ ಮಿತಿಯನ್ನು ಅರಿತವನು ನಾದದ ಮಿತಿಯನ್ನೂ ಅರಿಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳಂತೆ, ವಸತಿ ಪ್ರದೇಶದಲ್ಲಿ ಹಗಲಿನ ಶಬ್ದ 55 ಡೆಸಿಬೆಲನ್ನೂ ರಾತ್ರಿಯದು 45 ಡೆಸಿಬೆಲನ್ನೂ ಮೀರಬಾರದು. ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಂಚಿನಲ್ಲಿ ಕೇಳುಗರು ಮನುಷ್ಯರಷ್ಟೇ ಅಲ್ಲ. ನಾಗರಹೊಳೆಯ ಆನೆಗಳು ದೂರದ ಬಳಗದೊಡನೆ ಸಂಪರ್ಕವಿರಿಸಿಕೊಳ್ಳುವುದು ನಮ್ಮ ಕಿವಿಗೆ ನಿಲುಕದ ಮಂದ್ರನಾದದಿಂದಲೇ. ಆ ದಾರಿಯಲ್ಲಿ ಸಾಗುವಾಗ ಸಬ್‌ವೂಫರನ್ನು ನಿಲ್ಲಿಸುವುದು ವಿವೇಕಿಯ ಲಕ್ಷಣ.