ನೆರೆನಾಡಿನಲ್ಲಿ ನೆಲ ಕೊಂಡ ಅಧ್ಯಕ್ಷ

ಶಾಂತಸಾಗರದಲ್ಲಿ ಚದುರಿಹೋಗಿರುವ 33 ದ್ವೀಪಗಳ ದೇಶ ಕಿರಿಬಾತಿ. ಬರೆಯುವುದು ಹೀಗೆ, ಅಲ್ಲಿಯವರು ಉಚ್ಚರಿಸುವುದು ‘ಕಿರಿಬಾಸ್’ ಎಂದು. ಒಟ್ಟು ನೆಲ 811 ಚದರ ಕಿಲೋಮೀಟರು, ಅದರಲ್ಲಿ ಬಹುಭಾಗ ಕಡಲಮಟ್ಟಕ್ಕಿಂತ ಎರಡು-ಮೂರು ಮೀಟರು ಮಾತ್ರ ಎತ್ತರ.

2003ರ ಚುನಾವಣೆಯಲ್ಲಿ ಸ್ವಂತ ಅಣ್ಣ ಹ್ಯಾರಿ ಟಾಂಗ್ ಅವರನ್ನೇ ಅಲ್ಪ ಅಂತರದಿಂದ ಸೋಲಿಸಿ ಆನೋಟೆ ಟಾಂಗ್ ಈ ದೇಶದ ಅಧ್ಯಕ್ಷರಾದರು. ಬಾವಿಗಳಿಗೂ ಕೆಸುವಿನ ಗುಂಡಿಗಳಿಗೂ ಉಪ್ಪುನೀರು ನುಗ್ಗುತ್ತಿದ್ದ ಕಾಲವದು. ಕಡಲೇರುವುದಕ್ಕೆ ತಮ್ಮ ಜನ ಕಾರಣರಲ್ಲ, ಆದರೆ ಮೊದಲು ಮುಳುಗುವವರು ಅವರೇ ಎಂಬುದನ್ನು ವಿಶ್ವಸಂಸ್ಥೆಯಲ್ಲಿ ಅವರು ಮತ್ತೆ ಮತ್ತೆ ಮುಂದಿಟ್ಟರು. ಊರು ಬಿಡಲೇಬೇಕಾದರೆ ನಿರಾಶ್ರಿತರಾಗಿ ಅಲ್ಲ, ಕಸುಬು ಕಲಿತವರಾಗಿ ಮರ್ಯಾದೆಯಿಂದ ಹೋಗಬೇಕೆಂಬುದು ಅವರ ನಿಲುವು.

2014ರಲ್ಲಿ ಅವರ ಸರಕಾರ ಫಿಜಿಯ ವನುವಾ ಲೆವು ದ್ವೀಪದಲ್ಲಿ ಸುಮಾರು 20 ಚದರ ಕಿಲೋಮೀಟರು ಭೂಮಿಯನ್ನು ಕೊಂಡುಕೊಂಡಿತು. ಜಗತ್ತು ಬೆರಗಾಯಿತು, ಮನೆಯಲ್ಲಿ ಆಕ್ಷೇಪಗಳೆದ್ದವು. ಆಕ್ಷೇಪಗಳಲ್ಲಿ ಹುರುಳಿರಲಿಲ್ಲವೆನ್ನಲಾಗದು: ಆ ಭೂಮಿಯ ಬಹುಭಾಗ ಕಡಿದಾದ ಕಾಡು, ಮೇಲಾಗಿ ಸೊಲೊಮನ್ ದ್ವೀಪಗಳಿಂದ ಬಂದವರ ಸಂತತಿಯೊಂದು ಅಲ್ಲಿ ಮೊದಲೇ ನೆಲೆಸಿತ್ತು. ಒಂದು ಲಕ್ಷ ಜನಕ್ಕೆ ಅದೆಷ್ಟರ ಆಸರೆ?

ಸಂವಿಧಾನ ಒಪ್ಪುವ ಮೂರೂ ಅವಧಿಗಳನ್ನು ಮುಗಿಸಿ 2016ರಲ್ಲಿ ಟಾಂಗ್ ಅಧಿಕಾರದಿಂದ ಇಳಿದರು. ಎದುರು ಪಾಳೆಯದಿಂದ ಗೆದ್ದ ತಾನೇತಿ ಮಾಮಾವು ವಲಸೆಯ ಮಾತನ್ನು ಬದಿಗಿಟ್ಟು, ಇರುವ ನೆಲವನ್ನೇ ಎತ್ತರಿಸಿ ಉಳಿಸಿಕೊಳ್ಳುವ ಹಾದಿ ಹಿಡಿದರು.